ಚೆಂಡಿನ ಬಣ್ಣ, ಬ್ಯಾಟರ್‌ನ ಕಣ್ಣು

ಎಂವಿಪಿ ಬೇಸ್‌ಬಾಲ್ 2005 ಎಂಬ ವಿಡಿಯೊ ಗೇಮಿನ ಗುಣದೋಷಗಳನ್ನು ಪರಿಶೀಲಿಸುವುದು ಈ ವಾರದ ಅಂಕಣದ ಉದ್ದೇಶ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲನ್ನು ಆಧರಿಸಿ ಇಎ ಸ್ಪೋರ್ಟ್ಸ್ ಸಂಸ್ಥೆ ಹೊರತಂದ ಈ ಆಟದ ಹೊದಿಕೆಯ ಮೇಲೆ, ಅದರ ಹಿಂದಿನ ವರ್ಷವಷ್ಟೇ ವರ್ಲ್ಡ್ ಸೀರೀಸ್‌ನ ಅತ್ಯಮೂಲ್ಯ ಆಟಗಾರನೆಂಬ ಪ್ರಶಸ್ತಿ ಪಡೆದಿದ್ದ ಬಾಸ್ಟನ್ ರೆಡ್ ಸಾಕ್ಸ್ ತಂಡದ ಮ್ಯಾನಿ ರಮಿರೆಜ್ ಅವರ ಚಿತ್ರವಿತ್ತು. ಪ್ಲೇಸ್ಟೇಷನ್ 2ರ ಕಾಲದ ಈ ಕೃತಿಯನ್ನು ಅಭಿಮಾನಿಗಳು ಇನ್ನೂ ಬಿಟ್ಟುಕೊಟ್ಟಿಲ್ಲ. ಅದರ ಕಂಪ್ಯೂಟರ್ ಆವೃತ್ತಿಗೆ ಹೊಸ ಹೊಸ ಋತುಗಳ ಆಟಗಾರರ ಪಟ್ಟಿಗಳನ್ನೂ ಸಮವಸ್ತ್ರಗಳನ್ನೂ ತಾವೇ ಸಿದ್ಧಪಡಿಸಿ ಸೇರಿಸುತ್ತ ಬಂದವರು ಅನೇಕರು. ಹೀಗೆ ಬಾಳಿದ ಆಟಕ್ಕೆ ಗಟ್ಟಿಯಾದ ಕಾರಣವೊಂದು ಇರಲೇಬೇಕು.

ಮೈದಾನದಲ್ಲಿ ಒಂಬತ್ತು ಮಂದಿ ನಿಂತಿದ್ದರೂ ಬೇಸ್‌ಬಾಲಿನ ಜೀವವಿರುವುದು ಚೆಂಡನ್ನೆಸೆಯುವ ಪಿಚರ್ ಮತ್ತು ಅದನ್ನೆದುರಿಸುವ ಬ್ಯಾಟರ್, ಈ ಇಬ್ಬರ ನಡುವಿನ ಊಹೆಯ ಸೆಣಸಾಟದಲ್ಲಿ ಎಂಬುದು ಈ ಅಂಕಣದ ಹಳೆಯ ವಾದ. ಎಂವಿಪಿ ಈ ಸೆಣಸಾಟದ ಎರಡೂ ತುದಿಗಳನ್ನು ಸರಿಯಾಗಿ ಹಿಡಿದಿದೆ. ಎಸೆಯುವವನು ಮೊದಲು ಎಸೆತದ ಬಗೆಯನ್ನೂ ಗುರಿಯನ್ನೂ ಆರಿಸಿಕೊಂಡು, ಬಳಿಕ ಗುಂಡಿಯನ್ನು ಒತ್ತಿ ಹಿಡಿದು ಅಳತೆಪಟ್ಟಿಯಲ್ಲಿ ವೇಗವನ್ನು ತುಂಬಿಸಿಕೊಳ್ಳಬೇಕು. ಸೂಚಕವು ಹಿಂದಿರುಗುವಾಗ ಕಿರಿದಾದ ಹಸಿರು ಭಾಗದೊಳಗೆ ಮತ್ತೊಮ್ಮೆ ಗುಂಡಿಯನ್ನೊತ್ತಿದರೆ ಮಾತ್ರ ಚೆಂಡು ನೆನೆದ ಜಾಗಕ್ಕೆ ಹೋಗುತ್ತದೆ, ತಪ್ಪಿದರೆ ಗುರಿಯಿಂದ ಸರಿದು ಕೆಲವೊಮ್ಮೆ ಬ್ಯಾಟರ್‌ಗೆ ಬೇಕಾದ ಕಡೆಗೇ ತೇಲಿಬರುತ್ತದೆ. ಹೆಚ್ಚು ವೇಗವನ್ನು ಬಯಸಿದವನು ನಿಖರತೆಯನ್ನು ಪಣಕ್ಕಿಡಬೇಕಾಗುತ್ತದೆ ಎಂಬ ನಿಜವಾದ ಪಿಚರ್‌ನ ಸಂಕಟವು ಒಂದೇ ಗುಂಡಿಯ ಬಳಕೆಯಲ್ಲಿ ಆಟಗಾರನಿಗೆ ಮನದಟ್ಟಾಗುವುದು ಈ ವಿನ್ಯಾಸದ ಹೆಗ್ಗಳಿಕೆ.

ಇನ್ನೊಂದು ತುದಿಯಲ್ಲಿರುವುದು ‘ಹಿಟರ್ಸ್ ಐ’, ಅಂದರೆ ಬ್ಯಾಟರ್‌ನ ಕಣ್ಣು ಎಂಬ ವ್ಯವಸ್ಥೆ. ಚೆಂಡು ಪಿಚರ್‌ನ ಕೈಬಿಡುವ ಕ್ಷಣದಲ್ಲಿ ಎಸೆತದ ಬಗೆಗೆ ತಕ್ಕ ಬಣ್ಣವೊಂದನ್ನು ತಾಳಿ, ಕಣ್ಣೆವೆ ಮುಚ್ಚುವಷ್ಟರಲ್ಲಿ ಮತ್ತೆ ತನ್ನ ಸಹಜ ಬಿಳುಪಿಗೆ ಮರಳುತ್ತದೆ. ಇದು ಉತ್ತರವನ್ನು ಮೊದಲೇ ಹೇಳಿಕೊಟ್ಟು ಪರೀಕ್ಷೆ ನಡೆಸಿದಂತೆ ಎಂದು ಶುದ್ಧತಾವಾದಿಗಳು ಅಂದಿನಿಂದಲೂ ಆಕ್ಷೇಪಿಸುತ್ತಲೇ ಇದ್ದಾರೆ. ಆಕ್ಷೇಪದ ಹಿಂದಿರುವ ಕಾಳಜಿ ಪ್ರಾಮಾಣಿಕವಾದರೂ, ನಿಜವಾದ ಬ್ಯಾಟರ್ ಏನನ್ನು ನೋಡುತ್ತಾನೆ ಎಂಬುದನ್ನು ಅದು ಮರೆತಿದೆ. ಪಿಚರ್ ನಿಲ್ಲುವ ದಿಬ್ಬದ ಮೇಲಿನ ಪಟ್ಟಿಗೂ ಬ್ಯಾಟರ್‌ನ ಮುಂದಿರುವ ಹೋಮ್ ಪ್ಲೇಟಿಗೂ ನಡುವಿನ ಅಂತರ 60 ಅಡಿ 6 ಅಂಗುಲ. ಗಂಟೆಗೆ 95 ಮೈಲಿ ವೇಗದ ಚೆಂಡು ಈ ಹಾದಿಯನ್ನು ಸುಮಾರು 0.4 ಸೆಕೆಂಡಿನಲ್ಲಿ ಕ್ರಮಿಸುತ್ತದೆ, ಅದರಲ್ಲಿ ಬ್ಯಾಟು ಬೀಸುವುದಕ್ಕೇ ದೊಡ್ಡ ಪಾಲು ಖರ್ಚಾಗುವುದರಿಂದ ನಿರ್ಧಾರಕ್ಕೆ ಉಳಿಯುವುದು ತೀರ ಅಲ್ಪ. ಅಷ್ಟರಲ್ಲಿ ಅವನ ಕಣ್ಣು ಹುಡುಕುವುದು ಬಿಳಿಯ ತೊಗಲಿನ ಮೇಲಿರುವ ಕೆಂಪು ದಾರದ ಹೊಲಿಗೆಗಳು ಯಾವ ದಿಕ್ಕಿಗೆ ತಿರುಗುತ್ತಿವೆ ಎಂಬುದನ್ನು. ಪಕ್ಕಕ್ಕೆ ಜಾರುವ ಸ್ಲೈಡರ್ ಎಂಬ ಎಸೆತದಲ್ಲಿ ಆ ಹೊಲಿಗೆಗಳು ಕೂಡಿಕೊಂಡು ಚೆಂಡಿನ ಮೇಲೊಂದು ಕೆಂಪು ಚುಕ್ಕೆಯಂತೆ ಕಾಣುತ್ತವೆ ಎಂದು ವೃತ್ತಿನಿರತ ಬ್ಯಾಟರ್‌ಗಳು ವಿವರಿಸುತ್ತಾರೆ. ಅಂದಿನ ಟೆಲಿವಿಷನ್ನಿನ ಕಡಿಮೆ ಸ್ಪಷ್ಟತೆಯ ಪರದೆಯ ಮೇಲೆ ಹೊಲಿಗೆ ಕಾಣುವುದಿರಲಿ, ಚೆಂಡಿನ ಆಳ ದೂರಗಳೇ ಸರಿಯಾಗಿ ತಿಳಿಯುತ್ತಿರಲಿಲ್ಲ. ಪರದೆ ಕಸಿದುಕೊಂಡ ಮಾಹಿತಿಯನ್ನು ಬಣ್ಣದ ಆ ಮಿಂಚು ಹಿಂದಿರುಗಿಸುತ್ತದೆಯೇ ಹೊರತು ಬ್ಯಾಟರ್‌ಗೆ ಸಲ್ಲದ ಏನನ್ನೂ ಕೊಡುವುದಿಲ್ಲ. ಬಣ್ಣವನ್ನು ಗುರುತಿಸಿದ ಮೇಲೂ ಬೀಸಬೇಕೆ, ಬಿಡಬೇಕೆ, ಯಾವಾಗ ಬೀಸಬೇಕು ಎಂಬ ತೀರ್ಮಾನಗಳೆಲ್ಲ ಅವನ ಪಾಲಿಗೇ ಉಳಿಯುತ್ತವೆ.

ಇದಕ್ಕೆ ಎದುರಾಗಿ ನಿಂತಿರುವುದು ಕರ್ಸರ್ ಪಂಥ. 1994ರಲ್ಲಿ ಜಪಾನಿನ ಕೊನಾಮಿ ಸಂಸ್ಥೆ ಆರಂಭಿಸಿದ ಪವರ್‌ಫುಲ್ ಪ್ರೊ ಬೇಸ್‌ಬಾಲ್ ಸರಣಿಯಲ್ಲಿ ನೆಲೆಗೊಂಡು, ಇಂದು ಸೋನಿಯ ಎಂಎಲ್‌ಬಿ ದಿ ಶೋ ಸರಣಿಯ ‘ಜೋನ್’ ಬ್ಯಾಟಿಂಗಿನಲ್ಲಿ ಮೆರೆಯುತ್ತಿರುವ ಈ ಪದ್ಧತಿಯಲ್ಲಿ ಆಟಗಾರನು ಬರುತ್ತಿರುವ ಚೆಂಡಿನ ಮೇಲೆ ಪರದೆಯ ಗುರುತೊಂದನ್ನು ಸರಿಸಿ ಕೂರಿಸಬೇಕು. ಕೌಶಲಕ್ಕೆ ತಕ್ಕ ಫಲ ದೊರೆಯುವ ಏಕೈಕ ಮಾರ್ಗವಿದು ಎಂಬುದು ಆ ಪಂಥದವರ ಹೇಳಿಕೆ. ಆದರೆ ಅಲ್ಲಿ ಮೊದಲು ಪರೀಕ್ಷೆಗೊಳಗಾಗುವುದು ಹೆಬ್ಬೆರಳಿನ ಚುರುಕು. ನಿಜವಾದ ಬ್ಯಾಟರ್‌ಗೆ ವರ್ಷಗಳ ಅಭ್ಯಾಸದಿಂದ ಕೈಗೂಡಿರುವ ಬೀಸುವಿಕೆಯನ್ನು ಪ್ರತಿಯೊಂದು ಎಸೆತದಲ್ಲೂ ಹೊಸದಾಗಿ ಸಾಧಿಸಬೇಕಾದ ಒತ್ತಾಯದಲ್ಲಿ, ಅವನು ನಿಜವಾಗಿ ಮಾಡಬೇಕಾದ ವಿವೇಚನೆ ಹಿಂದೆ ಸರಿಯುತ್ತದೆ. ಎಂವಿಪಿ ತೀರ್ಪನ್ನೂ ಕಾಲಜ್ಞಾನವನ್ನೂ ಆಟಗಾರನಿಂದ ಕೇಳುತ್ತದೆ, ಮಣಿಕಟ್ಟಿನ ಕೆಲಸವನ್ನು ಬಹುಮಟ್ಟಿಗೆ ಪರದೆಯ ಮೇಲಿನ ಬ್ಯಾಟರ್‌ಗೆ ವಹಿಸುತ್ತದೆ. ಈ ಹೊಣೆಗಾರಿಕೆಯ ಹಂಚಿಕೆಯೇ ಆಟಕ್ಕೆ ಹೆಚ್ಚು ನಿಷ್ಠವಾದುದು.

ಕುಂದುಗಳ ಪಟ್ಟಿಗೆ ಹೋಗುವ ಮುನ್ನ ಟೆಡ್ ವಿಲಿಯಮ್ಸ್ ಅವರನ್ನು ನೆನೆಯದೆ ಮುಂದುವರಿಯಲಾಗದು. 1941ರಲ್ಲಿ .406ರ ಬ್ಯಾಟಿಂಗ್ ಸರಾಸರಿ ಸಾಧಿಸಿದ, ಅಂದರೆ ಲೆಕ್ಕಕ್ಕೆ ಬರುವ ಪ್ರತಿ ಸಾವಿರ ಅವಕಾಶಗಳಿಗೆ 406 ಹಿಟ್‌ಗಳ ಪ್ರಮಾಣದಲ್ಲಿ ಆಡಿದ ಈ ಮಹಾನ್ ಬ್ಯಾಟರ್, ಜಾನ್ ಅಂಡರ್‌ವುಡ್ ಅವರೊಡನೆ ರಚಿಸಿದ ‘ದಿ ಸೈನ್ಸ್ ಆಫ್ ಹಿಟಿಂಗ್’ ಎಂಬ ಪುಸ್ತಕದಲ್ಲಿ ಒಂದು ಚಿತ್ರವಿದೆ. ಸ್ಟ್ರೈಕ್ ವಲಯವನ್ನು, ಅಂದರೆ ಪ್ಲೇಟಿನ ಮೇಲ್ಭಾಗದಲ್ಲಿ ಬ್ಯಾಟರ್‌ನ ಮೊಣಕಾಲಿನಿಂದ ಎದೆಯವರೆಗೆ ಹರಡಿರುವ, ಬ್ಯಾಟರ್ ಬೀಸದಿದ್ದರೂ ಎಸೆತವು ಅವನ ವಿರುದ್ಧ ಎಣಿಕೆಯಾಗುವ ಕಾಲ್ಪನಿಕ ಚೌಕಟ್ಟನ್ನು, ಅಡ್ಡಕ್ಕೆ 7 ಉದ್ದಕ್ಕೆ 11ರಂತೆ 77 ಚೆಂಡುಗಳಿಂದ ತುಂಬಿಸಿ, ಒಂದೊಂದು ಜಾಗಕ್ಕೆ ಬಂದ ಎಸೆತವನ್ನು ಹೊಡೆದರೆ ತಮಗೆ ಎಷ್ಟು ಸರಾಸರಿ ದಕ್ಕಬಹುದೆಂಬ ಅಂದಾಜನ್ನು ಅವರು ಅದರಲ್ಲಿ ನಮೂದಿಸಿದ್ದಾರೆ. ನಡುಮಧ್ಯದ ಚೆಂಡಿಗೆ .400, ಹೊರಗಿನ ಕೆಳಮೂಲೆಗೆ ಬರೀ .230. ಜಗತ್ತಿನ ಅತ್ಯುತ್ತಮ ಬ್ಯಾಟರ್ ಕೂಡ ಆ ಮೂಲೆಯ ಚೆಂಡಿಗೆ ಕೈಹಾಕಿದರೆ ಸಾಧಾರಣ ಬ್ಯಾಟರ್ ಆಗಿಬಿಡುತ್ತಾನೆ ಎಂದು ಸಾರುವ ಈ ಚಿತ್ರದ ಮುಂದೆ ಸಾವಿರ ಪುಟಗಳ ಉಪದೇಶವೂ ಹಗುರ. ಎಂವಿಪಿಯಲ್ಲಿ ಪ್ರತಿಯೊಬ್ಬ ಬ್ಯಾಟರ್‌ಗೂ ಒಂಬತ್ತು ಮನೆಗಳ ಚೌಕಟ್ಟಿದ್ದು, ಅವನ ಬಲದ ಮನೆಗಳು ಕೆಂಪಾಗಿಯೂ ದೌರ್ಬಲ್ಯದ ಮನೆಗಳು ನೀಲಿಯಾಗಿಯೂ ತೋರುತ್ತವೆ. ವಿಲಿಯಮ್ಸ್ ಅವರ ಚಿತ್ರದ ವಿಚಾರವೇ ಇಲ್ಲಿ ಆಟಗಾರನ ಕೈಗೆ ಸಿಗುವ ಉಪಕರಣವಾಗಿದೆ. ನೀಲಿ ಮನೆಗೆ ಗುರಿಯಿಟ್ಟು ಅಳತೆಪಟ್ಟಿಯಲ್ಲಿ ಎಡವಿದ ಚೆಂಡು ಕೆಂಪು ಮನೆಗೆ ಸರಿದಾಗ ಆಗುವ ಭಯವನ್ನು ಬೇರೆ ಯಾವ ಬೇಸ್‌ಬಾಲ್ ಗೇಮೂ ಇಷ್ಟು ತೀವ್ರವಾಗಿ ಕೊಟ್ಟಿಲ್ಲ.

ಆದರೆ ಆ ಪುಸ್ತಕದ ಮೊದಲ ಪಾಠ ಸಹನೆ. ವಲಯದ ಹೊರಗೆ ಹೋದ ನಾಲ್ಕು ಎಸೆತಗಳನ್ನು ಬ್ಯಾಟರ್ ಮುಟ್ಟದೆ ಬಿಟ್ಟರೆ ಅವನಿಗೆ ಮೊದಲ ಬೇಸ್ ಉಚಿತವಾಗಿ ದೊರೆಯುತ್ತದೆ. ಇದಕ್ಕೆ ‘ವಾಕ್’ ಎಂದು ಹೆಸರು. ವಿಲಿಯಮ್ಸ್ ತಮ್ಮ ವೃತ್ತಿಜೀವನದಲ್ಲಿ ಇಂಥ 2,021 ವಾಕ್‌ಗಳನ್ನು ಗಳಿಸಿದರು. ಎಂವಿಪಿಯ ನಿಜವಾದ ದೋಷ ಕಾಣುವುದು ಇಲ್ಲಿಯೇ. ಕಂಪ್ಯೂಟರ್ ನಡೆಸುವ ಬ್ಯಾಟರ್‌ಗಳು ಕಾಯುವುದನ್ನು ಅರಿಯರು, ಅದರ ಪಿಚರ್‌ಗಳು ವಲಯದೊಳಗೇ ಎಸೆಯುತ್ತ ಹೋಗುತ್ತಾರೆ. ಹೀಗಾಗಿ ಪಂದ್ಯಗಳಲ್ಲಿ ವಾಕ್‌ಗಳು ಅಪರೂಪವಾಗಿ, ಎದುರಾಳಿ ಪಿಚರ್‌ನನ್ನು ಹೆಚ್ಚು ಹೆಚ್ಚು ಎಸೆತಗಳಿಗೆ ಎಳೆದು ದಣಿಸುವ ಕಲೆಗೆ ಬೆಲೆಯೇ ಇಲ್ಲದಂತಾಗಿದೆ. ಕಣ್ಣಿಗೆ ಇಷ್ಟು ಗೌರವ ಕೊಟ್ಟ ಆಟವು ಆ ಕಣ್ಣಿನ ಅತ್ಯುನ್ನತ ಫಲವಾದ ಬಿಡುವ ವಿವೇಕಕ್ಕೆ ಜಾಗ ಕೊಡದಿರುವುದು ಸಣ್ಣ ಕೊರತೆಯಲ್ಲ. ಉಳಿದ ಕುಂದುಗಳು ಇದರ ಮುಂದೆ ಗೌಣ: ಡ್ವೇನ್ ಕೈಪರ್ ಮತ್ತು ಮೈಕ್ ಕ್ರೂಕೋ ಅವರ ವೀಕ್ಷಕ ವಿವರಣೆ ಸೊಗಸಾಗಿದ್ದರೂ ಬೇಗನೆ ಪುನರಾವರ್ತನೆಯಾಗುತ್ತದೆ, ತಂಡದ ಒಡೆತನ ವಹಿಸಿಕೊಳ್ಳುವ ವಿಭಾಗದಲ್ಲಿ ಹಣಕಾಸಿನ ಲೆಕ್ಕ ಆಟದಷ್ಟು ಆಳವಾಗಿಲ್ಲ.

ಸಹನೆಯ ಪ್ರಸ್ತಾಪ ಬಂದಾಗ ಬ್ಯಾರಿ ಬಾಂಡ್ಸ್ ಅವರ ಗೈರುಹಾಜರಿಯನ್ನೂ ಹೇಳಬೇಕು. 2004ರ ಒಂದೇ ಋತುವಿನಲ್ಲಿ 232 ವಾಕ್‌ಗಳನ್ನು ಪಡೆದು ದಾಖಲೆ ನಿರ್ಮಿಸಿದ ಅವರು ಆಟಗಾರರ ಸಂಘದ ಸಾಮೂಹಿಕ ಪರವಾನಗಿ ಒಪ್ಪಂದದಿಂದ ಹೊರಗಿದ್ದ ಕಾರಣ, ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡದಲ್ಲಿ ಅವರ ಸ್ಥಾನವನ್ನು ಜಾನ್ ಡೌಡ್ ಎಂಬ ಕಲ್ಪಿತ ಆಟಗಾರ ತುಂಬಿದ್ದಾನೆ. ಇದು ವಿನ್ಯಾಸಕಾರರ ತಪ್ಪಲ್ಲ, ಪರವಾನಗಿಯ ಫಲ. ಆಟವನ್ನು ಕೊನೆಗೊಳಿಸಿದ್ದೂ ಪರವಾನಗಿಯೇ. 2005ರ ಜನವರಿಯಲ್ಲಿ ಟೇಕ್-ಟೂ ಸಂಸ್ಥೆಯು ಮೇಜರ್ ಲೀಗ್ ಜೊತೆ ಒಪ್ಪಂದ ಮಾಡಿಕೊಂಡು, ಮರುವರ್ಷದಿಂದ ಸೋನಿ, ಮೈಕ್ರೋಸಾಫ್ಟ್, ನಿಂಟೆಂಡೊಗಳಂಥ ಕನ್ಸೋಲ್ ತಯಾರಕರನ್ನು ಬಿಟ್ಟು ಬೇರೆ ಪ್ರಕಾಶಕರಿಗೆ ಬಾಗಿಲು ಮುಚ್ಚಿತು. ಇಎ ಕಾಲೇಜು ಬೇಸ್‌ಬಾಲಿನ ಕಡೆಗೆ ತಿರುಗಿ 2006 ಮತ್ತು 2007ರಲ್ಲಿ ಎರಡು ಆಟಗಳನ್ನು ತಂದು ಆ ಹಾದಿಯನ್ನೂ ಬಿಟ್ಟಿತು. ಒಪ್ಪಂದ ಗೆದ್ದವರ ಸರಣಿ ಎಂಎಲ್‌ಬಿ 2ಕೆ13ರೊಂದಿಗೆ ನಿಂತಿತು. ವಾಕ್‌ಗಳ ದೋಷವನ್ನು ತಿದ್ದಿಕೊಳ್ಳಲು ಬೇಕಾಗಿದ್ದ ಇನ್ನೊಂದು ವರ್ಷ ಎಂವಿಪಿಗೆ ಸಿಗಲಿಲ್ಲ. ಆದರೂ ಎಸೆತವನ್ನು ಓದುವ ವಿಷಯದಲ್ಲಿ ಈ ತನಕ ಬಂದ ಬೇಸ್‌ಬಾಲ್ ಗೇಮುಗಳಲ್ಲಿ ಮೊದಲ ಸ್ಥಾನ ಅದಕ್ಕೇ ಸಲ್ಲುತ್ತದೆ.