ಲ್ಯಾಪ್‌ಟಾಪಿನ ವಿವರಪಟ್ಟಿ: ಹೇಳುವುದೆಷ್ಟು, ಮರೆಸುವುದೆಷ್ಟು

ಹೊಸ ಲ್ಯಾಪ್‌ಟಾಪ್ ಕೊಳ್ಳಲು ಹೊರಟ, ತಾಂತ್ರಿಕ ಹಿನ್ನೆಲೆಯಿಲ್ಲದ ಗ್ರಾಹಕರಿಗೂ ಆ ಯಂತ್ರಕ್ಕೂ ನಡುವೆ ನಿಲ್ಲುವ ಮುಖ್ಯ ಬರಹವೆಂದರೆ ಅದರ ವಿವರಪಟ್ಟಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಮಳಿಗೆಯಲ್ಲಾಗಲಿ, ತಾಲ್ಲೂಕು ಕೇಂದ್ರದ ಅಂಗಡಿಯಲ್ಲಾಗಲಿ, ಆನ್‌ಲೈನ್ ಮಾರಾಟದಲ್ಲಾಗಲಿ, ಪ್ರೊಸೆಸರಿನ ಹೆಸರು, ಮೆಮೊರಿಯ ಪ್ರಮಾಣ, ಸಂಗ್ರಹದ ಪ್ರಮಾಣ, ಪರದೆಯ ಅಳತೆ ಎಂಬ ನಾಲ್ಕೈದು ಸಾಲುಗಳನ್ನು ನೋಡಿಯೇ ಒಂದು ಕುಟುಂಬ ಹಲವು ತಿಂಗಳ ಉಳಿತಾಯವನ್ನು ಖರ್ಚು ಮಾಡುತ್ತದೆ. ಇಷ್ಟು ದೊಡ್ಡ ಹೊಣೆ ಹೊತ್ತ ಬರಹವನ್ನು ಯಾರೂ ಬರಹವೆಂದು ಓದುವುದಿಲ್ಲ. ಅದು ಯಾರಿಗಾಗಿ ರಚಿತವಾಗಿದೆ, ಏನನ್ನು ನಿಖರವಾಗಿ ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂಬ ಪ್ರಶ್ನೆಗಳು ಏಳುವುದೇ ಇಲ್ಲ. ವಿವರಪಟ್ಟಿ ನೇರವಾಗಿ ಸುಳ್ಳು ಹೇಳುವುದು ಅಪರೂಪ. ಅದರ ದೋಷ ಬೇರೆ ಬಗೆಯದು: ಅದು ಯಂತ್ರದ ಭಾಗಗಳನ್ನು ಎಣಿಸುತ್ತದೆ, ಆ ಯಂತ್ರದಿಂದ ಆಗಬೇಕಾದ ಕೆಲಸದ ಗೊಡವೆಗೆ ಹೋಗುವುದಿಲ್ಲ, ಕೊಂಡ ಮೇಲೆ ಬದಲಾಯಿಸಲಾಗದ ಗುಣಗಳ ಬಗ್ಗೆಯಂತೂ ತೀರಾ ಕಡಿಮೆ ಮಾತಾಡುತ್ತದೆ.

ಪಟ್ಟಿಯ ಮೊದಲ ಸಾಲಿನಲ್ಲಿ ಪ್ರೊಸೆಸರ್ ಇರುತ್ತದೆ. ಲೆಕ್ಕ ಮತ್ತು ಆಜ್ಞೆಗಳನ್ನು ನಡೆಸುವ ಈ ಚಿಪ್ಪಿಗೆ ಇಂಟೆಲ್ ಕಂಪನಿ 2008ರಿಂದೀಚೆಗೆ ಐ3, ಐ5, ಐ7 ಎಂಬ ಹೆಸರುಗಳನ್ನು ಒಂದೊಂದಾಗಿ ಬಳಕೆಗೆ ತಂದಿತು. ಅಂಕಿ ದೊಡ್ಡದಾದಷ್ಟೂ ಯಂತ್ರ ಉತ್ತಮ ಎಂಬ ತಿಳಿವಳಿಕೆ ಅಂದಿನಿಂದ ಮಾರುಕಟ್ಟೆಯಲ್ಲಿ ಬೇರೂರಿದೆ. ಒಂದೇ ವರ್ಷದ, ಒಂದೇ ಬಗೆಯ ಚಿಪ್ಪುಗಳ ನಡುವೆ ಈ ತಿಳಿವಳಿಕೆ ಬಹುಮಟ್ಟಿಗೆ ಸರಿ. ಪೀಳಿಗೆಗಳನ್ನು ದಾಟಿದ ಕೂಡಲೇ ಅದು ಮುರಿದುಬೀಳುತ್ತದೆ. 2016ರ ಐ7-7500ಯು ಎಂಬ ಚಿಪ್ಪಿನಲ್ಲಿ ಇರುವುದು ಎರಡು ಕೋರ್, ಅಂದರೆ ಏಕಕಾಲದಲ್ಲಿ ಬೇರೆಬೇರೆ ಕೆಲಸ ಮಾಡಬಲ್ಲ ಎರಡು ಘಟಕ. 2022ರ ಐ3-1215ಯು ಚಿಪ್ಪಿನಲ್ಲಿ ಎರಡು ದೊಡ್ಡ, ನಾಲ್ಕು ಚಿಕ್ಕ ಕೋರ್ ಸೇರಿ ಆರು ಇವೆ. ಹಳೆಯ ಐ7 ಹೊಸ ಐ3ರ ಮುಂದೆ ಸೋಲುತ್ತದೆಂಬುದು ಹೆಸರಿನಿಂದ ತಿಳಿಯದು. ನವೀಕರಿಸಿದ ಹಳೆಯ ಲ್ಯಾಪ್‌ಟಾಪ್‌ಗಳ ವ್ಯಾಪಾರದಲ್ಲಿ ಈ ಗೊಂದಲ ನಷ್ಟಕ್ಕೇ ದಾರಿಯಾಗುತ್ತದೆ. ಇಂಟೆಲ್‌ನ 7ನೇ ಪೀಳಿಗೆಯ ಬಹುತೇಕ ಚಿಪ್ಪುಗಳು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ, ವಿಂಡೋಸ್ 10ರ ಸಾಮಾನ್ಯ ಭದ್ರತಾ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೀಗಿರುವಾಗ ಅಗ್ಗದ ಬೆಲೆಗೆ ಸಿಕ್ಕ ಐ7 ಎಂಬ ಹೆಸರಿನೊಂದಿಗೆ ಬೆಂಬಲ ತಪ್ಪಿದ ಯಂತ್ರವೂ ಮನೆಗೆ ಬರುತ್ತದೆ.

ಪ್ರತಿಸ್ಪರ್ಧಿ ಕಂಪನಿಯಾದ ಎಎಂಡಿಯ ಉದಾಹರಣೆ ಇನ್ನೂ ಸೂಕ್ಷ್ಮವಾದದ್ದು. ಅದು 2022ರಲ್ಲಿ ಪ್ರಕಟಿಸಿದ ಹೆಸರಿಡುವ ಕ್ರಮದ ಪ್ರಕಾರ ರೈಜೆನ್ ಚಿಪ್ಪಿನ ನಾಲ್ಕಂಕಿಯ ಸಂಖ್ಯೆಯಲ್ಲಿ ಮೊದಲ ಅಂಕಿ ಮಾದರಿಯ ವರ್ಷವನ್ನು ಸೂಚಿಸುತ್ತದೆ, ಒಳಗಿನ ವಿನ್ಯಾಸ ಎಷ್ಟು ಹಳೆಯದೆಂಬುದನ್ನು ಮೂರನೆಯ ಅಂಕಿ ಸೂಚಿಸುತ್ತದೆ. ಆದ್ದರಿಂದ ರೈಜೆನ್ 5 7520ಯು ಮತ್ತು ರೈಜೆನ್ 5 7540ಯು ಅಂಗಡಿಯ ಫಲಕದಲ್ಲಿ ಅವಳಿಗಳಂತೆ ಕಂಡರೂ, ಮೊದಲನೆಯದು 2019ರಲ್ಲಿ ಬಂದ ಜೆನ್ 2 ವಿನ್ಯಾಸದ ನಾಲ್ಕು ಕೋರ್‌ಗಳನ್ನೂ ಎರಡನೆಯದು 2022ರಲ್ಲಿ ಬಂದ ಜೆನ್ 4 ವಿನ್ಯಾಸದ ಆರು ಕೋರ್‌ಗಳನ್ನೂ ಹೊಂದಿವೆ. ಮಾಹಿತಿಯನ್ನು ಮುಚ್ಚಿಟ್ಟಿದ್ದಾರೆಂದು ಕಂಪನಿಯ ಮೇಲೆ ಆರೋಪ ಹೊರಿಸಲಾಗದು, ಏಕೆಂದರೆ ಅದು ಸಂಖ್ಯೆಯಲ್ಲೇ ಇದೆ. ಆದರೆ ಬಲ್ಲವರಿಗೆ ಮಾತ್ರ ಬಿಡಿಸಲಾಗುವ ಸಂಕೇತದಲ್ಲಿ ಇಟ್ಟ ಮಾಹಿತಿ ಸಾಮಾನ್ಯ ಗ್ರಾಹಕರ ಪಾಲಿಗೆ ಇಲ್ಲದ್ದಕ್ಕೆ ಸಮ.

ಇಡೀ ಯಂತ್ರದ ಯೋಗ್ಯತೆಯನ್ನು ಒಂದೇ ಸಂಖ್ಯೆಯಲ್ಲಿ ಅಡಗಿಸುವ ಈ ರೂಢಿ ಹೊಸದಲ್ಲ. ಎರಡು ದಶಕಗಳ ಹಿಂದೆ ಆ ಸ್ಥಾನದಲ್ಲಿ ಗಿಗಾಹರ್ಟ್ಸ್ ಇತ್ತು. ಚಿಪ್ಪಿನ ಗಡಿಯಾರ ಸೆಕೆಂಡಿಗೆ ಎಷ್ಟು ನೂರು ಕೋಟಿ ಸಲ ಮಿಡಿಯುತ್ತದೆ ಎಂಬುದರ ಅಳತೆ ಅದು. 2000ದ ನವೆಂಬರಿನಲ್ಲಿ ಬಂದ ಪೆಂಟಿಯಂ 4 ಈ ಅಳತೆಯಲ್ಲಿ ಎತ್ತರಕ್ಕೇರಿತು, ಆದರೆ ಒಂದೊಂದು ಮಿಡಿತಕ್ಕೆ ಅದು ಮಾಡುತ್ತಿದ್ದ ಕೆಲಸ ಹಿಂದಿನ ಪೆಂಟಿಯಂ 3ಕ್ಕಿಂತ ಕಡಿಮೆಯಿತ್ತು. ಮರುವರ್ಷ ಎಎಂಡಿ ತನ್ನ 1.53 ಗಿಗಾಹರ್ಟ್ಸ್ ಚಿಪ್ಪಿಗೆ ಅಥ್ಲಾನ್ ಎಕ್ಸ್‌ಪಿ 1800+ ಎಂದು ಹೆಸರಿಟ್ಟದ್ದು ಈ ಅಳತೆಯಿಂದ ತನಗಾಗುತ್ತಿದ್ದ ನಷ್ಟಕ್ಕೆ ಕೊಟ್ಟ ಉತ್ತರ. 4 ಗಿಗಾಹರ್ಟ್ಸ್‌ನ ಪೆಂಟಿಯಂ 4 ಹೊರತರುವ ಯೋಜನೆಯನ್ನು ಇಂಟೆಲ್ 2004ರಲ್ಲಿ ಕೈಬಿಟ್ಟಿತು, ಮುಂದೆ ಕೋರ್‌ಗಳ ಸಂಖ್ಯೆಯೇ ಜಾಹೀರಾತಿನ ತಲೆಬರಹವಾಯಿತು.

ಇಂದು ಆ ಜಾಗಕ್ಕೆ ಕೃತಕ ಬುದ್ಧಿಮತ್ತೆಯ ಲೆಕ್ಕಗಳಿಗೆಂದೇ ಇರುವ ಘಟಕದ ಸಾಮರ್ಥ್ಯ ಬರುತ್ತಿದೆ; ಅದನ್ನು ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ಲೆಕ್ಕಗಳೆಂದು ಎಣಿಸಿ ಟಾಪ್ಸ್ ಎಂಬ ಮಾನದಲ್ಲಿ ಹೇಳುತ್ತಾರೆ. ಮೈಕ್ರೋಸಾಫ್ಟ್ 2024ರ ಮೇ ತಿಂಗಳಲ್ಲಿ ಪ್ರಕಟಿಸಿದ ಕೋಪೈಲಟ್ ಪ್ಲಸ್ ಪಿಸಿ ವರ್ಗಕ್ಕೆ ಕನಿಷ್ಠ 40 ಟಾಪ್ಸ್ ಬೇಕು. ಪತ್ರ ಬರೆಯುವ, ಬ್ಯಾಂಕ್ ವ್ಯವಹಾರ ನಡೆಸುವ, ಮಕ್ಕಳ ಪಾಠ ನೋಡುವ ಮನೆಗೆ ಈ 40ರಿಂದ ಸದ್ಯಕ್ಕೆ ಆಗುವ ಪ್ರಯೋಜನ ಅಲ್ಪ. ಆದರೆ ಅದೇ ನಿಯಮ ಕನಿಷ್ಠ 16 ಜಿಬಿ ಮೆಮೊರಿಯನ್ನೂ 256 ಜಿಬಿ ಸಂಗ್ರಹವನ್ನೂ ಕಡ್ಡಾಯ ಮಾಡಿದ್ದು ನಿಜವಾದ ಉಪಕಾರ. ದೊಡ್ಡ ಸಂಖ್ಯೆಯನ್ನು ಮೆರೆಸುವುದಕ್ಕಿಂತ ಕನಿಷ್ಠ ಮಟ್ಟವೊಂದನ್ನು ಖಾತರಿಪಡಿಸುವುದು ಗ್ರಾಹಕರನ್ನು ಹೆಚ್ಚು ಕಾಯುತ್ತದೆಂಬುದಕ್ಕೆ ಇದು ಸಾಕ್ಷಿ.

ಮೆಮೊರಿ ಮತ್ತು ಸಂಗ್ರಹದ ಸಾಲುಗಳಲ್ಲಿ ಪಟ್ಟಿ ಹೆಚ್ಚು ಪ್ರಾಮಾಣಿಕವಾಗಿದೆ. ಮೆಮೊರಿ ಅಥವಾ ರ‍್ಯಾಮ್ ಎಂದರೆ ಆ ಕ್ಷಣದಲ್ಲಿ ತೆರೆದಿರುವ ಕೆಲಸಗಳನ್ನು ಹಿಡಿದಿಡುವ ಜಾಗ. ಸಂಗ್ರಹವೆಂದರೆ ಯಂತ್ರ ಆರಿಸಿದ ಮೇಲೂ ಕಡತಗಳು ಉಳಿಯುವ ಜಾಗ. ವಿಂಡೋಸ್ 11ಕ್ಕೆ ಅಧಿಕೃತವಾಗಿ ಬೇಕಾದ ಕನಿಷ್ಠ ಮೆಮೊರಿ 4 ಜಿಬಿ, ಆದರೆ ಬ್ರೌಸರಿನಲ್ಲಿ ಹತ್ತು ಪುಟ ತೆರೆದು ಜೊತೆಗೆ ವಿಡಿಯೊ ಸಭೆಯಲ್ಲಿ ಕುಳಿತವರಿಗೆ 8 ಜಿಬಿಯೂ ಬಿಗಿಯಾಗುತ್ತದೆ. ಸಂಗ್ರಹದಲ್ಲಿ ತಿರುಗುವ ತಟ್ಟೆಗಳ ಹಾರ್ಡ್ ಡಿಸ್ಕ್ ಬದಲು ಚಿಪ್ಪುಗಳಿಂದಾದ ಎಸ್‌ಎಸ್‌ಡಿ ಇರುವುದು, ಸಾಧಾರಣ ಬಳಕೆದಾರರ ಅನುಭವಕ್ಕೆ ಬರುವ ವೇಗವನ್ನು ಪ್ರೊಸೆಸರಿನ ಒಂದು ಮೆಟ್ಟಿಲಿಗಿಂತ ಹೆಚ್ಚು ಬದಲಿಸುತ್ತದೆ. 512 ಜಿಬಿ ಎಂದು ಕೊಂಡ ಸಂಗ್ರಹ ಪರದೆಯಲ್ಲಿ 476 ಜಿಬಿ ಎಂದು ಕಾಣುವುದನ್ನು ಹಲವರು ಮೋಸವೆಂದು ಬಗೆಯುತ್ತಾರೆ. ತಯಾರಕರು ಒಂದು ಜಿಬಿಯನ್ನು ನೂರು ಕೋಟಿ ಬೈಟ್ ಎಂದೂ ವಿಂಡೋಸ್ ಅದನ್ನು 1024ರ ಗುಣಕಗಳಲ್ಲೂ ಎಣಿಸುವುದರಿಂದ ಬರುವ ವ್ಯತ್ಯಾಸ ಅದು. ಪಟ್ಟಿಯ ನಿಜವಾದ ಕೊರತೆ ಇರುವುದು, ಮೆಮೊರಿಯನ್ನು ಮುಂದೆ ಹೆಚ್ಚಿಸಲು ಬರುತ್ತದೆಯೇ ಅಥವಾ ಅದನ್ನು ಮದರ್‌ಬೋರ್ಡಿಗೇ ಬೆಸೆದಿದ್ದಾರೆಯೇ ಎಂಬುದನ್ನು ಮೇಲಿನ ಸಾಲುಗಳಲ್ಲಿ ಹೇಳದಿರುವುದರಲ್ಲಿ. ಬೆಸೆದ 8 ಜಿಬಿ ಯಂತ್ರದ ಆಯುಷ್ಯವಿಡೀ 8 ಜಿಬಿಯಾಗಿಯೇ ಉಳಿಯುತ್ತದೆ. ತೆಳುವಾದ ಲ್ಯಾಪ್‌ಟಾಪ್‌ಗಳಲ್ಲಿ ಬಳಸುವ ಎಲ್‌ಪಿಡಿಡಿಆರ್ ಜಾತಿಯ ಮೆಮೊರಿ ಸಾಮಾನ್ಯವಾಗಿ ಹೀಗೆ ಬೆಸೆದೇ ಬರುತ್ತದೆ.

ಪರದೆ ಮತ್ತು ಬ್ಯಾಟರಿಯ ವಿಷಯಕ್ಕೆ ಬಂದರೆ ಪಟ್ಟಿಯ ಮೌನ ಇನ್ನೂ ಗಾಢವಾಗುತ್ತದೆ. ಬಳಕೆದಾರರ ಕಣ್ಣು ದಿನವಿಡೀ ನೆಟ್ಟಿರುವುದು ಪರದೆಯ ಮೇಲೆ, ಆದರೂ 15.6 ಇಂಚು, ಫುಲ್ ಎಚ್‌ಡಿ ಎಂಬ ಎರಡು ಮಾತುಗಳಲ್ಲಿ ಅದರ ವರ್ಣನೆ ಮುಗಿಯುತ್ತದೆ. ಬೆಳಕಿನ ಮಾನವಾದ ನಿಟ್ಸ್ ಎಷ್ಟು, ಬಣ್ಣಗಳ ವ್ಯಾಪ್ತಿ ಎಷ್ಟು ಎಂಬುದನ್ನು ಸಣ್ಣಕ್ಷರಗಳಲ್ಲಿ ಹುಡುಕಬೇಕು. ಅಲ್ಲಿ ಸಿಗುವ ಶೇ. 45 ಎನ್‌ಟಿಎಸ್‌ಸಿ ಎಂಬ ಸೂಚನೆ, ಅಮೆರಿಕದ ಬಣ್ಣದ ಟೆಲಿವಿಷನ್ನಿಗಾಗಿ 1953ರಲ್ಲಿ ನಿಗದಿಯಾದ ವರ್ಣವ್ಯಾಪ್ತಿಯ ಅರ್ಧಕ್ಕಿಂತ ಕಡಿಮೆ ಭಾಗವನ್ನು ಈ ಪರದೆ ತೋರಿಸಬಲ್ಲದೆಂದು ತಿಳಿಸುತ್ತದೆ. ಮಂಕಾದ 250 ನಿಟ್ಸ್ ಪರದೆ ಕಿಟಕಿಯ ಪಕ್ಕದಲ್ಲೋ ಜಗಲಿಯಲ್ಲೋ ಕುಳಿತು ಕೆಲಸ ಮಾಡುವವರನ್ನು ದಣಿಸುತ್ತದೆ, ಅದನ್ನು ಆಮೇಲೆ ಬದಲಿಸುವುದು ದುಬಾರಿ. ಬ್ಯಾಟರಿಯ ವಿಷಯದಲ್ಲಿಯೂ ಹತ್ತು ಗಂಟೆ ಎಂಬ ಘೋಷಣೆ ದೊಡ್ಡ ಅಕ್ಷರದಲ್ಲಿರುತ್ತದೆ, ಆದರೆ ಅದು ಬಹುಪಾಲು ಪರದೆಯ ಬೆಳಕು ತಗ್ಗಿಸಿ ವಿಡಿಯೊ ಓಡಿಸಿ ಅಳೆದದ್ದು. ನಂಬಬಹುದಾದ ಅಳತೆ ವ್ಯಾಟ್-ಅವರ್. 42 ವ್ಯಾಟ್-ಅವರ್ ಬ್ಯಾಟರಿಯುಳ್ಳ ಯಂತ್ರ ಸರಾಸರಿ 7 ವ್ಯಾಟ್ ಬಳಸಿದರೆ ಆರು ಗಂಟೆ ನಡೆಯುತ್ತದೆ ಎಂಬ ಸರಳ ಭಾಗಾಕಾರವನ್ನು ಯಾರು ಬೇಕಾದರೂ ಮಾಡಬಹುದು. ಕೀಲಿಗಳ ಹದ, ಹಿಂಜುಗಳ ಗಟ್ಟಿತನ, ಫ್ಯಾನಿನ ಸದ್ದು, ತೊಡೆಗೆ ತಾಗುವ ಬಿಸಿ ಇವುಗಳಿಗೆ ಪಟ್ಟಿಯಲ್ಲಿ ಸ್ಥಾನವೇ ಇಲ್ಲ. ಅಂಗಡಿಯಲ್ಲಿ ಕಾಲು ಗಂಟೆ ನಿಂತು ಒಂದು ಪುಟ ಟೈಪ್ ಮಾಡಿ ನೋಡುವುದರಿಂದ ಇವುಗಳಲ್ಲಿ ಹೆಚ್ಚಿನವು ಗೊತ್ತಾಗುತ್ತವೆ.

ಕೆಲಸದ ತೂಕವನ್ನು ಮೊದಲು ಅಳೆದರೆ ಅಂಕಿಗಳ ಬೆದರಿಕೆ ಎಷ್ಟು ಕಡಿಮೆಯಾಗುತ್ತದೆಂಬುದಕ್ಕೆ ಕನ್ನಡದ ಬರವಣಿಗೆಯೇ ಒಳ್ಳೆಯ ನಿದರ್ಶನ. ಯುನಿಕೋಡ್ ಪಠ್ಯವನ್ನು ಉಳಿಸುವ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಒಂದೊಂದು ಸಂಕೇತ 3 ಬೈಟ್ ಜಾಗ ಹಿಡಿಯುತ್ತದೆ. ಪದಕ್ಕೆ ಸರಾಸರಿ ಎಂಟು ಸಂಕೇತವೆಂದು ಲೆಕ್ಕ ಹಾಕಿದರೆ ಒಂದು ಲಕ್ಷ ಪದಗಳ ಕಾದಂಬರಿಯ ಪಠ್ಯ ಸುಮಾರು ಎರಡೂವರೆ ಎಂಬಿಯಲ್ಲಿ ಮುಗಿಯುತ್ತದೆ. ಕನ್ನಡ ಟೈಪ್ ಮಾಡಲು ಬೇಕಾದ ವ್ಯವಸ್ಥೆ ವಿಂಡೋಸ್‌ನಲ್ಲೇ ಅಡಕವಾಗಿದೆ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶವೂ ಇದೆ, ಲಿಬ್ರೆಆಫೀಸ್‌ನಂಥ ಉಚಿತ ತಂತ್ರಾಂಶವೂ ಇದೆ. ಇವುಗಳಲ್ಲಿ ಯಾವುದೂ ದುಬಾರಿ ಪ್ರೊಸೆಸರನ್ನು ಬಯಸುವುದಿಲ್ಲ. ಲೇಖಕರಿಗೆ, ಶಿಕ್ಷಕರಿಗೆ, ಪತ್ರಕರ್ತರಿಗೆ ಒಳ್ಳೆಯ ಕೀಲಿಮಣೆ ಮತ್ತು ಕಣ್ಣಿಗೆ ಹಿತವಾದ ಪರದೆ ಐ7ಕ್ಕಿಂತ ಬೆಲೆಬಾಳುತ್ತವೆ. ವಿಡಿಯೊ ಸಂಕಲನ, ಎಂಜಿನಿಯರಿಂಗ್ ನಕ್ಷೆ, ದೊಡ್ಡ ಗೇಮ್‌ಗಳ ಅಗತ್ಯವಿರುವವರ ಲೆಕ್ಕ ಬೇರೆ, ಅವರಿಗೆ ಪ್ರೊಸೆಸರೂ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ಪೂ ನಿಜಕ್ಕೂ ಮುಖ್ಯ. ಮುಂದೆ ಬೇಕಾದೀತು ಎಂಬ ಅಸ್ಪಷ್ಟ ಆತಂಕದಿಂದ ಎಲ್ಲರೂ ಈ ಎರಡನೆಯ ಗುಂಪಿನ ಯಂತ್ರವನ್ನೇ ಕೊಳ್ಳುವ ರೂಢಿಯಾದರೋ ಹಣವನ್ನೂ ಬ್ಯಾಟರಿಯನ್ನೂ ವ್ಯರ್ಥ ಮಾಡುತ್ತದೆ. ಮುಂದಿನ ವರ್ಷಗಳಿಗಾಗಿ ಹೆಚ್ಚು ಹಣ ಹಾಕುವುದಾದರೆ ಅದನ್ನು ಮೆಮೊರಿಗೂ ವಾರಂಟಿಗೂ ಹಾಕುವುದು ವಿವೇಕ.

ವಾರಂಟಿಯ ಸಾಲನ್ನು ಕೊಳ್ಳುವವರು ಕೊನೆಗೆ ಓದುತ್ತಾರೆ, ಆದರೆ ಊರಿನ ದೂರ ಹೆಚ್ಚಿದಂತೆ ಅದರ ಬೆಲೆ ಹೆಚ್ಚುತ್ತದೆ. ತಂತ್ರಜ್ಞರೇ ಮನೆಗೆ ಬಂದು ದುರಸ್ತಿ ಮಾಡುವ ಆನ್‌ಸೈಟ್ ವಾರಂಟಿಗೂ, ಯಂತ್ರವನ್ನು ಸೇವಾಕೇಂದ್ರಕ್ಕೆ ಒಯ್ಯಬೇಕಾದ ವಾರಂಟಿಗೂ ಬೆಂಗಳೂರಿನಲ್ಲಿ ಇರುವ ಅಂತರ ಸಣ್ಣದು. ಸೇವಾಕೇಂದ್ರ ಹುಬ್ಬಳ್ಳಿಯಲ್ಲೋ ಕಲಬುರಗಿಯಲ್ಲೋ ಇದ್ದು ಬಳಕೆದಾರರು ದೂರದ ತಾಲ್ಲೂಕಿನಲ್ಲಿದ್ದರೆ ಆ ಅಂತರ ಒಂದೆರಡು ದಿನದ ದುಡಿಮೆಯಷ್ಟಾಗುತ್ತದೆ. ಜೊತೆಗೆ ಬರುವ ತಂತ್ರಾಂಶದ ಷರತ್ತುಗಳೂ ಇದೇ ಬಗೆಯವು: ಆಫೀಸ್ ಒಂದು ವರ್ಷದ ಚಂದಾ ಮಾತ್ರವೇ, ಯಂತ್ರದ ಜೊತೆ ವಿಂಡೋಸ್ ಪರವಾನಗಿ ಇದೆಯೇ ಅಥವಾ ಕಡಿಮೆ ಬೆಲೆಗಾಗಿ ಬರಿಯ ಡಾಸ್ ಎಂಬ ಹಳೆಯ ಕಾರ್ಯವ್ಯವಸ್ಥೆ ಹಾಕಿ ಮಾರುತ್ತಿದ್ದಾರೆಯೇ ಎಂಬುದನ್ನು ಹಣ ಕೊಡುವ ಮುನ್ನವೇ ಕೇಳಿ ತಿಳಿಯಬೇಕು.

ಇಷ್ಟೆಲ್ಲವನ್ನೂ ಗ್ರಾಹಕರೇ ಕಲಿಯಬೇಕೆಂದು ಬಯಸುವುದು ನ್ಯಾಯವೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ ಹಳೆಯ ಕಾರುಗಳ ಮಾರುಕಟ್ಟೆಯನ್ನು ಮುಂದಿಟ್ಟುಕೊಂಡು 1970ರಲ್ಲಿ ಬರೆದ ಪ್ರಬಂಧದಲ್ಲಿ, ಸರಕಿನ ಗುಣ ಮಾರುವವರಿಗೆ ಗೊತ್ತಿದ್ದು ಕೊಳ್ಳುವವರಿಗೆ ಗೊತ್ತಿಲ್ಲದಿದ್ದರೆ ಒಳ್ಳೆಯ ಸರಕೇ ಮಾರುಕಟ್ಟೆಯಿಂದ ಹಿಂದೆ ಸರಿಯುತ್ತದೆಂದು ತೋರಿಸಿದರು. ಲ್ಯಾಪ್‌ಟಾಪಿನಲ್ಲಿಯೂ ಇದೇ ಆಗುತ್ತಿದೆ: ಪಟ್ಟಿಯಲ್ಲಿ ಕಾಣದ ಪರದೆಗೂ ಹಿಂಜಿಗೂ ಹೆಚ್ಚು ಖರ್ಚು ಮಾಡಿದ ತಯಾರಕರಿಗೆ ಪ್ರತಿಫಲವಿಲ್ಲ, ಅವುಗಳಲ್ಲಿ ಉಳಿಸಿ ಪ್ರೊಸೆಸರಿನ ಹೆಸರನ್ನು ಏರಿಸಿದವರಿಗೆ ಪ್ರತಿಫಲವಿದೆ. ಭಾರತದ ಕಾನೂನು ಈ ಕೊರತೆಯನ್ನು ಸದ್ಯಕ್ಕೆ ತುಂಬುತ್ತಿಲ್ಲ. 2011ರ ಪೊಟ್ಟಣ ಸರಕುಗಳ ನಿಯಮಗಳು ತಯಾರಕರ ಅಥವಾ ಆಮದುದಾರರ ವಿಳಾಸ, ಗರಿಷ್ಠ ಮಾರಾಟ ಬೆಲೆ ಮುಂತಾದವುಗಳನ್ನು ಕೇಳುತ್ತವೆ. ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿಯ ಕಾಳಜಿ ವಿದ್ಯುತ್ ಸುರಕ್ಷತೆ. ಫ್ರಿಜ್ಜಿನ ಮೇಲೆ ನಕ್ಷತ್ರಗಳ ಚೀಟಿ ಕಡ್ಡಾಯವಾಗಿ ಹಲವು ವರ್ಷಗಳಾದವು, ಅದನ್ನು ಓದಲು ಯಾರಿಗೂ ತಾಂತ್ರಿಕ ಶಿಕ್ಷಣ ಬೇಕಾಗಲಿಲ್ಲ. ಫ್ರಾನ್ಸ್ 2021ರ ಜನವರಿಯಿಂದ ಲ್ಯಾಪ್‌ಟಾಪ್ ಸೇರಿದಂತೆ ಕೆಲವು ಸರಕುಗಳ ಮೇಲೆ ದುರಸ್ತಿಯ ಸುಲಭತೆಗೆ ಹತ್ತರಲ್ಲಿ ಎಷ್ಟು ಅಂಕವೆಂದು ಬೆಲೆಯ ಪಕ್ಕದಲ್ಲೇ ತೋರಿಸುವುದನ್ನು ಕಡ್ಡಾಯ ಮಾಡಿತು. ಬಿಚ್ಚುವುದು ಎಷ್ಟು ಸುಲಭ, ಬಿಡಿಭಾಗ ಸಿಗುತ್ತವೆಯೇ, ಅವುಗಳ ಬೆಲೆ ಎಷ್ಟು ಎಂಬುವೆಲ್ಲ ಆ ಅಂಕದೊಳಗೆ ಸೇರಿವೆ. ಸಂಕೀರ್ಣ ಯಂತ್ರದ ಬಗ್ಗೆಯೂ ಸಾಮಾನ್ಯರಿಗೆ ಅರ್ಥವಾಗುವ, ಹೋಲಿಸಲು ಬರುವ ಮಾತನ್ನು ಹೇಳಿಸಬಹುದೆಂಬುದಕ್ಕೆ ಇದು ಪ್ರಮಾಣ.

ಅಂಥ ವ್ಯವಸ್ಥೆ ಇಲ್ಲಿಯೂ ಬರುವವರೆಗೆ ವಿವರಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುವುದೇ ಗ್ರಾಹಕರಿಗಿರುವ ಉತ್ತಮ ಮಾರ್ಗ. ಆಗಬೇಕಾದ ಕೆಲಸವನ್ನೂ ಯಂತ್ರ ಬಾಳಬೇಕಾದ ವರ್ಷಗಳನ್ನೂ ಮೊದಲು ಕಾಗದದ ಮೇಲೆ ಬರೆದುಕೊಂಡು, ಬಳಿಕ ವಾರಂಟಿ, ಪರದೆ, ಕೀಲಿಮಣೆ, ಬ್ಯಾಟರಿಯ ವ್ಯಾಟ್-ಅವರ್, ಮೆಮೊರಿ ಬೆಸೆದದ್ದೋ ಅಲ್ಲವೋ ಎಂಬುದನ್ನು ನೋಡಿ, ಇವೆಲ್ಲ ಒಪ್ಪಿಗೆಯಾದ ಮೇಲಷ್ಟೇ ಪ್ರೊಸೆಸರಿನ ಪೂರ್ಣ ಸಂಖ್ಯೆಗೂ ಅದರ ಪೀಳಿಗೆಗೂ ಹೋಗಬೇಕು. ಗ್ರಾಹಕರು ಈ ಕ್ರಮದಲ್ಲಿ ಪ್ರಶ್ನೆ ಕೇಳತೊಡಗಿದರೆ ಮಾರಾಟಗಾರರು ಉತ್ತರಗಳನ್ನು ಸಿದ್ಧಪಡಿಸಿಕೊಳ್ಳಲೇಬೇಕಾಗುತ್ತದೆ, ತಯಾರಕರೂ ಅವುಗಳನ್ನು ಮೇಲಿನ ಸಾಲಿಗೆ ತರಬೇಕಾಗುತ್ತದೆ. ಆದರೆ ಗ್ರಾಹಕರ ಜಾಣತನವೊಂದನ್ನೇ ನಂಬಿ ಕೂರುವುದು ಸರ್ಕಾರ ತನ್ನ ಹೊಣೆಯನ್ನು ಅವರ ಹೆಗಲಿಗೆ ಜಾರಿಸಿದಂತೆ. ಪರದೆಯ ಬೆಳಕು, ಬ್ಯಾಟರಿಯ ಸಾಮರ್ಥ್ಯ, ಮೆಮೊರಿ ವಿಸ್ತರಣೆಯ ಅವಕಾಶ, ಬಿಡಿಭಾಗಗಳು ಎಷ್ಟು ವರ್ಷ ಸಿಗುತ್ತವೆಂಬ ಭರವಸೆ ಈ ನಾಲ್ಕನ್ನು ಪೆಟ್ಟಿಗೆಯ ಮೇಲೆ ಕನ್ನಡವೂ ಸೇರಿದಂತೆ ಆಯಾ ರಾಜ್ಯದ ಭಾಷೆಯಲ್ಲಿ ಮುದ್ರಿಸಬೇಕೆಂಬ ನಿಯಮ ತರಲು ಹೊಸ ತಂತ್ರಜ್ಞಾನವೇನೂ ಬೇಕಿಲ್ಲ, ಕೊಳ್ಳುವವರ ಪರವಾಗಿ ನಿಲ್ಲುವ ನಿರ್ಧಾರ ಸಾಕು.