ಹೊಳೆ ದಾಟದ ಅಭಿಪ್ರಾಯ

ಸಂಡೂರಿನವರಾದ ವಸುಧೇಂದ್ರರ ‘ತೇಜೋ ತುಂಗಭದ್ರಾ’ ಕಾದಂಬರಿಯು 2019ರಲ್ಲಿ ಪ್ರಕಟವಾದ ಮೇಲೆ, ಅದನ್ನೋದಿದ ಇಬ್ಬರು ಹೊಸಪೇಟೆಯ ಚಹದಂಗಡಿಯಲ್ಲಿಯೋ ಸಂಡೂರಿನ ಮದುವೆಯ ಚಪ್ಪರದಲ್ಲಿಯೋ ಕಲೆತರೆಂದರೆ, ‘ಭಾಳ ಚೆನ್ನಾಗೈತ್ರಿ’ ಎಂಬ ಮೊದಲ ಮಾತು ಮುಗಿಯುವಷ್ಟರಲ್ಲಿಯೇ, ನಮ್ಮ ಬಂಡೆ, ನಮ್ಮ ಹೊಳೆ, ನಮ್ಮ ಹರಿಗೋಲು ಪುಸ್ತಕದಲ್ಲಿ ಯಥಾವತ್ತಾಗಿ ಮೂಡಿವೆಯೇ ಎಂಬ ಪರಿಶೀಲನೆ ಆರಂಭವಾಗುವುದು.

ಈ ಲಘು ಸಂಭಾಷಣೆಯನ್ನು ವಿಮರ್ಶೆಯೆಂದು ಒಪ್ಪಲು ಪಂಡಿತರು ಹಿಂಜರಿಯಬಹುದು, ನಾನು ಹಿಂಜರಿಯಲಾರೆ. ಕಂಪ್ಲಿಯ ಸೀಮೆಯಲ್ಲಿ ನಂಜುಂಡ ಕವಿಯ ಕುಮಾರರಾಮ ಸಾಂಗತ್ಯವನ್ನು ಓದಿದವನು, ಅಜ್ಜಿಯ ಬಾಯಿಂದ ಕೇಳಿದ ಕುಮಾರರಾಮನ ಕಥೆಯೊಡನೆ ಅದನ್ನು ತೂಗದೆ ಬಿಡುವುದಿಲ್ಲ. ಮಲತಾಯಿ ರತ್ನಾಜಿಯ ಮೇಲೆ ಕವಿಯು ಹೊರಿಸಿದ ಪಾಪವೆಷ್ಟು, ಮಗನ ಮಾತನ್ನೇ ಕೇಳದ ಕಂಪಿಲರಾಯನ ಪಾಲು ಎಷ್ಟು ಎಂದು ಅವನು ಕೇಳಿದನಾದರೆ, ತೌಲನಿಕ ವಿಮರ್ಶೆಯ ಮೂಲಕಾರ್ಯವನ್ನೇ ಅವನು ನೆರವೇರಿಸಿದಂತಾಯಿತು. 1991ರಿಂದ ಕನ್ನಡ ವಿಶ್ವವಿದ್ಯಾಲಯವನ್ನು ನೆರೆಯಲ್ಲಿಯೇ ಪಡೆದಿರುವ ಈ ನಾಡಿನಲ್ಲಿ, ವಿದ್ವತ್ತೂ ಇಂತಹ ಮಾತೂ ಪರಸ್ಪರ ಕಿವಿಗೊಡದಿದ್ದರೆ ಹಾನಿ ಎರಡಕ್ಕೂ ಉಂಟು.

ಆದರೆ ನೆಲದ ಪರಿಚಯವು ಓದುಗನಿಗೆ ಕೊಡುವ ಅಧಿಕಾರಕ್ಕೆ ಮಿತಿಯಿದೆ. ಅಣೆಕಟ್ಟು ಮುಗಿದು 1953ರಿಂದ ಕಟ್ಟೆಯೊಳಗೆ ನಿಂತು, ಬಿಟ್ಟಾಗ ಮಾತ್ರ ಹರಿಯುವ ತುಂಗಭದ್ರೆಯನ್ನು ಕಂಡವನು, ಕಾದಂಬರಿಯಲ್ಲಿ ಬರುವ ಕೃಷ್ಣದೇವರಾಯನ ಕಾಲದ ಹೊಳೆಗೆ ಸಾಕ್ಷಿ ನುಡಿಯುವಾಗ ಕೊಂಚ ತಡೆಯಬೇಕು. ಇದಕ್ಕಿಂತಲೂ ನನ್ನನ್ನು ಹೆಚ್ಚಾಗಿ ನೋಯಿಸುವುದು, ಕಾದಂಬರಿಯ ಲಿಸ್ಬನ್ನಿನ ಭಾಗಕ್ಕೆ ಬಂದೊಡನೆ ಇದೇ ಚುರುಕು ಓದುಗರು ತಾಳುವ ಮೌನ. ಅಲ್ಲಿ ಬೆಲ್ಲಾಳೆಂಬ ಯಹೂದಿ ಹುಡುಗಿಯಿದ್ದಾಳೆ, ಅವಳನ್ನು ಬಯಸಿ ಸಿರಿಯನ್ನರಸುತ್ತ ಹಡಗನ್ನೇರುವ ಗೇಬ್ರಿಯಲ್ ಇದ್ದಾನೆ. ಅರಸ ಮನುವೇಲನ ಆಳ್ವಿಕೆಯಲ್ಲಿ, 1497ರಲ್ಲಿ, ಯಹೂದಿಗಳನ್ನು ಬಲಾತ್ಕಾರದಿಂದ ಮತಾಂತರಗೊಳಿಸಿದ ದೇಶ ಅದು. ಲಿಸ್ಬನ್ನಿನ ತೇಜೋ ನದಿಯನ್ನು ಕಾಣದವರು ಅದನ್ನು ಕುರಿತು ಏನು ಹೇಳಿಯಾರು ಎಂಬ ಸಮಾಧಾನ ಸಲ್ಲದು. ಪೋರ್ಚುಗೀಸ ಪ್ರವಾಸಿ ಪಾಯೆಸನು ವಿಜಯನಗರಕ್ಕೆ ಬಂದು, ತಾನು ಬಲ್ಲ ರೋಮಿನೊಡನೆ ಅದನ್ನು ಹೋಲಿಸಿ ಅಳೆಯಲು ಸಂಕೋಚಪಡಲಿಲ್ಲ. ಅದೇ ಕಾದಂಬರಿಯ, ತುಂಗಭದ್ರೆಯ ದಡದ ಹಂಪಮ್ಮನನ್ನು ಬಲ್ಲವನಿಗೆ ಬೆಲ್ಲಾಳ ಮನೆಯ ಭಯವು ಪರಕೀಯವಲ್ಲ. ಧರ್ಮದ ಹೆಸರಿನಲ್ಲಿ ಹೆಣ್ಣಿನ ಬಾಳನ್ನು ಇತರರು ನಿರ್ಣಯಿಸುವುದು ಎರಡು ದಡಗಳಲ್ಲಿಯೂ ನಡೆದಿದೆ, ಲೇಖಕರು ಎರಡು ನದಿಗಳನ್ನು ಒಂದೇ ಹೆಸರಿನಲ್ಲಿ ಜೋಡಿಸಿದ್ದು ಅದಕ್ಕಾಗಿಯೇ ಎಂದು ನನ್ನ ಎಣಿಕೆ.

ಹೀಗೆ ಇಬ್ಬರನ್ನೂ ಒಟ್ಟಿಗಿಟ್ಟು ಓದಿದವನಿಗೆ, ‘ಸರಸರ ಓದಿಸ್ಕೊಂಡು ಹೋಗತೈತ್ರಿ’ ಎಂದು ನಮ್ಮವರು ಮೆಚ್ಚುವ ವೇಗದಲ್ಲಿಯೇ ಕಾದಂಬರಿಯ ಕೊರತೆಯೂ ಗೋಚರಿಸೀತು: ಘಟನೆಯ ಬೆನ್ನಿಗೆ ಘಟನೆ ಬರುವ ರಭಸದಲ್ಲಿ, ಬೆಲ್ಲಾಳಿಗಾಗಲಿ ಹಂಪಮ್ಮನಿಗಾಗಲಿ ತನ್ನ ದುಃಖದೊಡನೆ ಒಂಟಿಯಾಗಿ ಕುಳಿತಿರುವ ಅವಕಾಶವನ್ನು ಲೇಖಕರು ಸಾಲುವಷ್ಟು ಕೊಟ್ಟಿಲ್ಲ.