ಜೇಡರ ದಾಸಿಮಯ್ಯನ ವಚನದಲ್ಲಿ ಮಗ್ಗ

ಇಂದಿನ ಯಾದಗಿರಿ ಜಿಲ್ಲೆಗೆ ಸೇರಿದ ಸುರಪುರ ಸೀಮೆಯ ಮುದನೂರು, ಆದ್ಯವಚನಕಾರರಲ್ಲಿ ಒಬ್ಬನೆನಿಸಿದ ಜೇಡರ ದಾಸಿಮಯ್ಯನ ಸ್ಥಳವೆಂದು ಪ್ರಸಿದ್ಧವಾಗಿರುವುದು. ಅಲ್ಲಿಯ ರಾಮನಾಥ ದೇವರ ಹೆಸರೇ ಆತನ ವಚನಗಳ ಅಂಕಿತ. ಭೋಗಣ್ಣನ ಕೆಂಭಾವಿಯೂ ಇದೇ ಸೀಮೆಯದು. ಚಾಲುಕ್ಯ ಜಯಸಿಂಹನ ರಾಣಿ ಸುಗ್ಗಲೆಗೆ ದೀಕ್ಷೆಯಿತ್ತನೆಂಬ ದೇವರ ದಾಸಿಮಯ್ಯನೂ ಈತನೂ ಒಬ್ಬನೇ, ಇಬ್ಬರೇ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು. ಪ್ರಕೃತ ವಿಚಾರಕ್ಕೆ ಆತನ ಕಸುಬು ನೇಯ್ಗೆಯೆಂಬಷ್ಟೇ ಸಾಕು. ಜೇಡರೆಂದರೆ ನೇಕಾರರು.

ಈ ಒಂದು ಸಂಗತಿಯನ್ನು ಹಿಡಿದು ದಾಸಿಮಯ್ಯನ ವಚನಗಳಲ್ಲೆಲ್ಲ ಮಗ್ಗದ ಸದ್ದನ್ನು ಕೇಳಿಸಿಕೊಳ್ಳುವ ವಿಮರ್ಶೆ ಬೆಳೆದಿರುವುದು. ಇದು ನಿರಾಧಾರವಾದುದು. ಆತನವೆಂದು ದೊರೆತಿರುವ ಸುಮಾರು ನೂರೈವತ್ತು ವಚನಗಳಲ್ಲಿ ನೇಯ್ಗೆಯ ಮಾತು ಬರುವುದು ತೀರ ವಿರಳ. ಆತನ ಉಪಮೆಗಳು ಬಹುಮಟ್ಟಿಗೆ ಹೊಲ, ಬೆಂಕಿ, ನೀರು, ಮರ, ಹಸಿವು ಇವುಗಳಿಂದ ಬಂದವು. ಹೀಗಿರುವುದರಿಂದಲೇ ಮಗ್ಗವು ಆದ್ಯಂತವಾಗಿ ತುಂಬಿರುವ ಒಂದು ವಚನಕ್ಕೆ ವಿಶೇಷವಾದ ತೂಕವಿದೆ. ಉಂಕೆಯನ್ನು ಚಾಚುವುದರಿಂದ ಮೊದಲುಗೊಂಡು, ಲಾಳಿಯ ಮುಳ್ಳು ಕಂಡಿಕೆಯನ್ನು ನುಂಗುವುದನ್ನು ಹೇಳಿ, ನೆಯ್ದವರು ಯಾರೆಂಬ ಪ್ರಶ್ನೆಯಲ್ಲಿ ನಿಲ್ಲುವ ವಚನವದು.

ಇದನ್ನು ಬೆಡಗಿನ ವಚನವೆಂದೆಣಿಸಿ ಉಂಕೆಗೆ ಒಂದು ತತ್ತ್ವ, ಲಾಳಿಗೆ ಒಂದು ತತ್ತ್ವ ಎಂದು ಹೊಂದಿಸಿ ಹೇಳುವ ಪದ್ಧತಿ ಪಾಠಶಾಲೆಗಳಲ್ಲಿ ರೂಢಿಯಾಗಿದೆ. ಹಾಗೆ ಹೊಂದಿಸಿದಲ್ಲಿ ಮುಳ್ಳು ಕಂಡಿಕೆಯನ್ನು ನುಂಗಿತೆಂಬುದು ಕೇವಲ ಒಗಟಾಗುವುದು. ಆದರೆ ಕುಣಿಮಗ್ಗದ ಬಳಿ ಒಂದು ಗಳಿಗೆ ಕುಳಿತು ನೋಡಿದವರಿಗೆ ಇದರಲ್ಲಿ ಒಗಟಿಲ್ಲ. ಲಾಳಿಯ ಹೊಟ್ಟೆಯೊಳಗೆ ಸಣ್ಣದೊಂದು ಮುಳ್ಳಿರುವುದು. ಹೊಕ್ಕಿನ ನೂಲು ಸುತ್ತಿದ ಕಂಡಿಕೆಯನ್ನು ಅದಕ್ಕೆ ಪೋಣಿಸುವರು. ಆಗ ನೂಲಿನ ಉಬ್ಬಿನಲ್ಲಿ ಮುಳ್ಳು ಅಡಗಿರುವುದು. ಕಾಲು ತುಳಿದಂತೆ ಹಾಸು ಬಾಯ್ದೆರೆಯುವುದು, ಲಾಳಿ ಅತ್ತಿಂದಿತ್ತ ಓಡುವುದು, ಕಂಡಿಕೆ ಕ್ಷಣಕ್ಷಣಕ್ಕೂ ಕರಗುವುದು. ಕಡೆಗೆ ನೂಲೆಲ್ಲ ತೀರಿ, ಮುಳ್ಳೇ ಅದನ್ನು ತಿಂದು ಮುಗಿಸಿತೋ ಎಂಬಂತೆ ತೋರುವುದು. ಆದರೆ ನೂಲು ನಾಶವಾಗಿಲ್ಲ. ಬಟ್ಟೆಯಾಗಿ ಎದುರಿಗೇ ಇದೆ. ಲಾಳಿ ನಿಂತು, ಕೈ ಬಿಡುವಾಗಿ, ಬಟ್ಟೆ ಒಂದೇ ಕಣ್ಣಿಗೆ ಬೀಳುವ ಆ ವಿರಾಮದಲ್ಲಿ ಕರ್ತೃತ್ವ ತನ್ನದೋ ರಾಮನಾಥನದೋ ಎಂಬ ಸಂದೇಹ ಹುಟ್ಟುವುದು ಅತ್ಯಂತ ಸಹಜ. ವಚನದ ಬೆಡಗು ಕಸುಬಿನ ಹೊರಗಿನಿಂದ ತಂದು ಹೊದಿಸಿದುದಲ್ಲ, ಕಸುಬಿನೊಳಗೇ ಕಂಡುದು. ತತ್ತ್ವಾರ್ಥವನ್ನು ಹೇಳಬಾರದೆಂದಲ್ಲ, ಮಗ್ಗವನ್ನು ತಿಳಿದ ಮೇಲೆ ಹೇಳಬೇಕು.

ವಚನದಲ್ಲಿಯ 'ಸೀರೆ' ಎಂಬ ಶಬ್ದವನ್ನು ಇಂದಿನ ಅರ್ಥದಲ್ಲಿಯೇ ವಿವರಿಸುವ ಉಪಾಧ್ಯಾಯರುಂಟು. ಹಿಂದಿನ ಕನ್ನಡದಲ್ಲಿ ಅದಕ್ಕೆ ಸಾಮಾನ್ಯವಾಗಿ ಬಟ್ಟೆಯೆಂಬ ಅರ್ಥವೂ ಇರುವುದನ್ನು ಇಲ್ಲಿ ಮರೆಯಲಾಗದು.

ದಾಸಿಮಯ್ಯನ ಕಥೆಯಲ್ಲಿಯೂ ಬಟ್ಟೆಯೇ ಮುಖ್ಯ. ಬಹುಕಾಲ ಶ್ರಮಿಸಿ ನೆಯ್ದ ವಸ್ತ್ರವನ್ನು ಜಂಗಮನೊಬ್ಬನು ಬೇಡಿ ಪಡೆದು, ಕಣ್ಣೆದುರಿಗೇ ಹರಿದು ಹಾಕಿದನು, ದಾಸಿಮಯ್ಯನು ಕದಲಲಿಲ್ಲ, ಬಂದವನು ಶಿವನೇ ಆಗಿದ್ದು ತವನಿಧಿಯನ್ನು ಅನುಗ್ರಹಿಸಿದನು ಎಂದು ಪ್ರತೀತಿ. ಬಸವಣ್ಣನವರು ಒಂದು ವಚನದಲ್ಲಿ ಈ ತವನಿಧಿಯನ್ನು ನೆನೆದು, ತಾವು ಅದನ್ನು ಬೇಡುವವರಲ್ಲವೆನ್ನುತ್ತಾರೆ. ಆ ಮಾತಿನಲ್ಲಿ ಸಣ್ಣದೊಂದು ಚುಚ್ಚು ಇಲ್ಲದಿಲ್ಲ. ಕಥೆಯು ದಾನವನ್ನು ಪ್ರತಿಫಲದೊಡನೆ ಬೆಸೆಯುವುದು. ವಚನದಲ್ಲಿಯಾದರೋ ಪ್ರತಿಫಲದ ಸುಳಿವೇ ಇಲ್ಲ. ನೆಯ್ದವನು ಯಾರೆಂಬುದೇ ನಿಶ್ಚಯವಾಗದಿರುವಾಗ ಕೊಟ್ಟವನು ಯಾರು, ಫಲವನ್ನು ಪಡೆಯತಕ್ಕವನು ಯಾರು? ಕಥೆಗಿಂತ ವಚನವು ದೂರ ಹೋಗಿದೆ.

ಕಾಶಿಯ ನೇಕಾರ ಕಬೀರನ ಹೆಸರಿನಲ್ಲಿ ಹಾಡುವ ಚಾದರದ ಪದವನ್ನು ಇದರ ಪಕ್ಕದಲ್ಲಿಟ್ಟರೆ ಭೇದವು ಇನ್ನೂ ಸ್ಪಷ್ಟವಾಗುವುದು. ಅಲ್ಲಿ ಚಾದರವನ್ನು ನೆಯ್ದವನು ದೇವರು. ಮನುಷ್ಯನು ಅದನ್ನು ಹೊದ್ದು, ಮಾಸದಂತೆ ಕಾಪಾಡಿ, ಹಾಗೆಯೇ ಹಿಂದಿರುಗಿಸತಕ್ಕವನು. ನೇಕಾರನೇ ಹಾಡಿದ ಪದವಾದರೂ ಅದರೊಳಗೆ ಆತನು ಮಗ್ಗವನ್ನು ಬಿಟ್ಟು ಮೇಲೆದ್ದಿದ್ದಾನೆ. ಮುದನೂರಿನವನ ಕಾಲು ಇನ್ನೂ ಕುಣಿಯೊಳಗೇ ಇದೆ. ರಾಮನಾಥನು ಆ ಪ್ರಶ್ನೆಗೆ ಉತ್ತರ ಕೊಟ್ಟನೆಂದು ವಚನವು ಹೇಳುವುದಿಲ್ಲ.